ಪರಿಹಾರದ ದುಡ್ಡು: ಬಳಸುವ ವಿಧಾನ ಮತ್ತು ಎಚ್ಚರಿಕೆಗಳು

ಅಭಿನಂದನೆಗಳು. ನಿಮ್ಮ ಖಾತೆಗೆ ಒಂದು ಗಂಟು ದುಡ್ಡು ಜಮಾ ಆಗಿದೆ. ಮುಟ್ಟುವ ಮುಂಚೆ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಯಾರೂ ಓದುವುದಿಲ್ಲವೆಂದು ನಮಗೂ ಗೊತ್ತು. ಮಿಕ್ಸಿ ತಂದವರು ಮೋಟಾರು ಸುಟ್ಟ ವಾಸನೆ ಬಂದ ಮೇಲೆ ಪುಸ್ತಕ ಹುಡುಕುತ್ತಾರೆ. ದುಡ್ಡಿನ ವಿಚಾರದಲ್ಲಿ ಆ ವಾಸನೆ ಬರಲು ಎರಡು ಮೂರು ವರ್ಷ ಹಿಡಿಯುತ್ತದೆ, ಅಷ್ಟೇ.

ಈ ಕೈಪಿಡಿ ತಿಂಗಳ ಸಂಬಳದವರಿಗಲ್ಲ. ತಾತನ ಕಾಲದಿಂದ ಇರುವವರಿಗೂ ಅಲ್ಲ. ಅವರಿಗೆ ಬೇರೆ ಕೈಪಿಡಿ ಇದೆ, ಅದನ್ನು ಅವರ ಆಡಿಟರು ಓದುತ್ತಾರೆ. ಇದು ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ಆನೇಕಲ್ ಸುತ್ತಿನ ಊರುಗಳಲ್ಲಿ ಜಮೀನು ಹೋಗಿ ದುಡ್ಡು ಬಂದವರಿಗಾಗಿ ಮಾಡಿದ್ದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಪಕ್ಕದಲ್ಲಿ ವಿಮಾನಗಳು ಇಳಿಯತೊಡಗಿದ ಮೇಲೆ ಈ ಸರಕಿನ ವ್ಯಾಪಾರ ಜೋರಾಯಿತು. ವಿಮಾನ ನಿಲ್ದಾಣವೊಂದಕ್ಕೇ ಸುಮಾರು 4,000 ಎಕರೆ. ಅದರ ಹಿಂದೆಯೇ ಕೈಗಾರಿಕಾ ಪ್ರದೇಶ, ಪಾರ್ಕು, ಲೇಔಟು, ರಸ್ತೆ.

ದುಡ್ಡಿನಿಂದ ಸುಖ ಬರುತ್ತದೆಯೇ ಎಂದು ದುಡ್ಡಿಲ್ಲದವರನ್ನು ಕೇಳುವುದು ಮರ್ಯಾದೆಯಲ್ಲ. ತುಂಬ ಇದ್ದವರನ್ನು ಕೇಳಿದರೆ ವೇದಾಂತ ಶುರುವಾಗುತ್ತದೆ. ಎರಡನ್ನೂ ಕಂಡವರನ್ನು ಕೇಳಬೇಕು, ಅದರಲ್ಲೂ ಒಂದೇ ವಾರದೊಳಗೆ ಕಂಡವರನ್ನು. ಅಂಥವರು ಇಷ್ಟು ಜನ ಒಂದೇ ತಾಲ್ಲೂಕಿನಲ್ಲಿ ಸಿಗುವುದು ಅಪರೂಪ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಎಸ್ಸೆಮ್ಮೆಸ್ಸು. ಸೊನ್ನೆಗಳನ್ನು ಒಂದೇ ಸಲಕ್ಕೆ ಸರಿಯಾಗಿ ಎಣಿಸಿದವರು ಕಡಿಮೆ. ಕಾಲೇಜಿಗೆ ಹೋಗುವ ಮಗಳ ಕೈಗೆ ಕೊಡಿ. ಬ್ಯಾಂಕ್ ಮ್ಯಾನೇಜರು ಕುರ್ಚಿಯಿಂದ ಎದ್ದು ನಿಲ್ಲುವುದು (ಮೊದಲ ಭೇಟಿಗೆ ಮಾತ್ರ ಅನ್ವಯ), ಒಂದು ಲೋಟ ಕಾಫಿ, ಕಾಫಿಯ ಕೆಳಗೆ ವಿಮೆ ಪಾಲಿಸಿಯ ಅರ್ಜಿ. ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಿದ ದಾಯಾದಿಯ ಒಂದು ಫೋನು. ದಲ್ಲಾಳಿ ಪೆಟ್ಟಿಗೆಯೊಳಗೆ ಇರುವುದಿಲ್ಲ, ಪೆಟ್ಟಿಗೆಗಿಂತ ಮುಂಚೆಯೇ ಬಂದು ಜಗಲಿಯಲ್ಲಿ ಕೂತಿರುತ್ತಾನೆ.

ಪೆಟ್ಟಿಗೆಯಲ್ಲಿ ಇಲ್ಲದ್ದು: ಬೆಳಗಿನ ಜಾವ ಐದೂವರೆಗೆ ಏಳಲು ಒಂದು ಕಾರಣ. ಹಿಂದೆ ಅದು ಹೊಲದ ಜತೆ ಪುಕ್ಕಟೆ ಬರುತ್ತಿತ್ತು. ಪರಿಹಾರದ ಲೆಕ್ಕಪಟ್ಟಿಯನ್ನು ಇನ್ನೊಮ್ಮೆ ತೆಗೆದು ನೋಡಿ. ಕೊಳವೆಬಾವಿಗೆ ಒಂದು ಸಾಲು, ತೆಂಗಿನ ಮರಕ್ಕೆ ಒಂದು, ಮಾವಿಗೆ ಒಂದು, ದನದ ಕೊಟ್ಟಿಗೆಯ ಶೀಟಿಗೂ ಒಂದು. ಐದೂವರೆಗೆ ಸಾಲಿಲ್ಲ. ಅದನ್ನು ಹೊಲದ ಜತೆಯೇ ಎತ್ತಿಕೊಂಡು ಹೋದರು, ಕೊಟ್ಟವರೂ ತಕರಾರು ಅರ್ಜಿಯಲ್ಲಿ ಅದನ್ನು ಬರೆಸಲಿಲ್ಲ.

ಜೋಡಿಸುವ ಮುನ್ನ

ವಂಶವೃಕ್ಷ, ಪಹಣಿ, ಇಸಿ, ಪೋತಿ ಖಾತೆ ಆಗಿದ್ದರೆ ಅದರ ಮ್ಯುಟೇಷನ್ ಪ್ರತಿ, ಇವೆಲ್ಲ ಕೈಯಲ್ಲಿರಲಿ. ಈ ಪೈಕಿ ಸ್ಫೋಟಕ ವಸ್ತು ವಂಶವೃಕ್ಷ. ಅದರಲ್ಲಿ ಅಪ್ಪನ ಹೆಸರಿನ ಕೆಳಗೆ ಗಂಡುಮಕ್ಕಳ ಹೆಸರು ಮಾತ್ರ ಬರೆದು ಕೊಡುವ ಅಭ್ಯಾಸ ಬಹಳ ದಿನ ನಡೆಯಿತು. ಈಗ ನಡೆಯದು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು. ಆದರೆ ಅಷ್ಟರೊಳಗೆ ಮದುವೆಯಾಗಿ ಹೋದವರನ್ನು ಅದು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ಕಾಯ್ದೆಯೇ ಬದಲಾಯಿತು. ಅಪ್ಪ ಆ ಹೊತ್ತಿಗೆ ತೀರಿಕೊಂಡಿದ್ದರೋ ಬದುಕಿದ್ದರೋ ಎಂಬ ಜಗ್ಗಾಟಕ್ಕೂ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತೆರೆ ಎಳೆಯಿತು: ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು.

ಆದ್ದರಿಂದ ಉತ್ಪನ್ನವನ್ನು ಜೋಡಿಸಲು ಅಕ್ಕನ ಸಹಿ ಬೇಕು. ಸಹಿ ಹಾಕಿಸುವ ಹಳೇ ವಿಧಾನ ಹೀಗಿದೆ. ಅಕ್ಕನಿಗೆ ಫೋನು ಮಾಡಿ ಬಾವನ ಮಂಡಿನೋವು ವಿಚಾರಿಸಿ. ಮರುದಿನ ಹತ್ತು ಗಂಟೆಗೆ ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಬರಲು ಹೇಳಿ. ಬಸ್ಸಿಳಿದು ಬಂದವಳಿಗೆ ಎದುರಿನ ಹೋಟೆಲಿನಲ್ಲಿ ಖಾಲಿ ದೋಸೆ ಕೊಡಿಸಿ. "ಸುಮ್ನೆ ಒಂದು ಸೈನು ಅಕ್ಕ, ಮಾಮೂಲಿ" ಅನ್ನಿ. ಸಹಿಯಾದ ಮೇಲೆ ಒಂದು ಕವರಿನಲ್ಲಿ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಇಟ್ಟು, ಸೀರೆಯ ಜತೆ ಕೊಡಿ.

ಹೊಸ ಮಾದರಿಯ ಅಕ್ಕಂದಿರಲ್ಲಿ ಈ ವಿಧಾನ ಕೆಲಸ ಮಾಡುತ್ತಿಲ್ಲವೆಂದು ದೂರುಗಳು ಬಂದಿವೆ. ದೋಸೆ ತಿಂದು, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, "ಮಾಮೂಲಿ ಅಂದ್ಯಲ್ಲಪ್ಪ, ಓದು, ಕೇಳ್ತೀನಿ" ಅನ್ನುತ್ತಾರಂತೆ. ಇದು ಉತ್ಪನ್ನದ ದೋಷವಲ್ಲ. ಬಾಯಿಬಿಟ್ಟು ಕೇಳುವವರು ಎದುರಿಗೆ ಕೂತಿರುವಾಗ ಹಕ್ಕು ಬಿಡುಗಡೆ ಪತ್ರವನ್ನು ಗಟ್ಟಿಯಾಗಿ ಓದುವುದು ಎಷ್ಟು ಕಷ್ಟ ಎಂಬುದನ್ನು ಒಮ್ಮೆ ಓದಿಯೇ ನೋಡಬೇಕು. ಎರಡನೇ ಪ್ಯಾರಾದಲ್ಲಿ "ಸ್ವಇಚ್ಛೆಯಿಂದ" ಎಂದಿರುತ್ತದೆ, ಹೆಚ್ಚಿನವರ ಗಂಟಲು ಅಲ್ಲೇ ಕಟ್ಟುತ್ತದೆ.

ಅಕ್ಕನಿಗೆ ಅವಳ ಪಾಲು ಕೊಟ್ಟರೆ ನಿಮ್ಮ ಮೊತ್ತ ಕಡಿಮೆಯಾಗುತ್ತದೆ, ನಿಜ. ಕೊಡದಿದ್ದರೆ ಸಿವಿಲ್ ದಾವೆ ಬೀಳುತ್ತದೆ, ದುಡ್ಡು ಕೋರ್ಟಿನಲ್ಲಿ ಡಿಪಾಜಿಟ್ ಆಗುತ್ತದೆ, ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟು ಬರಲು ಮನೆಯೊಂದು ಕಡಿಮೆಯಾಗುತ್ತದೆ. ಸುಖದ ಲೆಕ್ಕದಲ್ಲಿ ಕೊಡುವುದೇ ಅಗ್ಗ. ಧರ್ಮದ ಮಾತನ್ನು ನಾವು ಎತ್ತುತ್ತಿಲ್ಲ, ಕೈಪಿಡಿಗಳಲ್ಲಿ ಅದಕ್ಕೆ ಜಾಗವಿಲ್ಲ.

ಮೊದಲ ಬಳಕೆ

ಸಾಲ ತೀರಿಸಿ. ಎಲ್ಲವನ್ನೂ, ಒಂದೇ ವಾರದಲ್ಲಿ.

ಈ ಹಂತದಲ್ಲಿ ಉತ್ಪನ್ನ ಜಾಹೀರಾತಿನಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ದುಡ್ಡಿನಿಂದ ಸುಖವಿಲ್ಲ ಎಂದು ಪ್ರವಚನ ಕೊಡುವವರನ್ನು ಆ ವಾರ ನಿಮ್ಮ ಜತೆ ಕರೆದುಕೊಂಡು ಹೋಗಿ. ಸೊಸೈಟಿಯ ಬೆಳೆ ಸಾಲ. ಮಗನ ಡಿಪ್ಲೊಮಾ ಫೀಜಿಗೆ ತಂದ ಕೈಸಾಲ, ತಿಂಗಳಿಗೆ ನೂರಕ್ಕೆ ಮೂರು. ವಾರಕ್ಕೊಮ್ಮೆ ಹೆಂಗಸರನ್ನು ಒಂದು ಕಡೆ ಕೂರಿಸಿ ಕಂತು ಕಟ್ಟಿಸಿಕೊಳ್ಳುವ ಮೈಕ್ರೋ ಫೈನಾನ್ಸಿನವರ ಸಾಲ. ಅವರು ವಸೂಲಿಗೆ ಮನೆ ಬಾಗಿಲಲ್ಲಿ ಕೂರುವುದು ಎಲ್ಲಿಗೆ ಮುಟ್ಟಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಕುಳ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಕೊನೆಗೆ ಗಿರವಿ ಇಟ್ಟ ಒಡವೆ. ಇದನ್ನು ಬಿಡಿಸಲು ಹೆಂಡತಿಯೇ ಹೋಗಲಿ, ನೀವು ಹೊರಗೆ ನಿಲ್ಲಿ. ಒಳಗಿನಿಂದ ಒಂದು ಪುಟ್ಟ ಚೀಲ ಬರುತ್ತದೆ, ಬಾಯಿಗೆ ದಾರ, ದಾರಕ್ಕೆ ನಂಬರಿನ ಚೀಟಿ. ಬಿಚ್ಚಿ ತಕ್ಕಡಿಯಲ್ಲಿಟ್ಟು ತೂಕ ತೋರಿಸುತ್ತಾರೆ. ಅವಳು ತೂಕ ನೋಡುವುದಿಲ್ಲ. ಸರದ ಕೊಂಡಿಯಲ್ಲಿ ಒಂದು ಕಡೆ ಬೆಸುಗೆ ಹಾಕಿಸಿದ ಗುರುತಿರುತ್ತದೆ, ಅದನ್ನು ಹೆಬ್ಬೆರಳಿನಲ್ಲಿ ಹುಡುಕುತ್ತಾಳೆ, ಸಿಕ್ಕಿದ ಮೇಲೆ ಅಲ್ಲೇ ಕತ್ತಿಗೆ ಹಾಕಿಕೊಳ್ಳುತ್ತಾಳೆ. ಕೌಂಟರಿನ ಹುಡುಗ "ಸೈನ್ ಮಾಡಿ ಅಮ್ಮ" ಎಂದು ಎರಡು ಸಲ ಕರೆದರೂ ಕೇಳಿಸಿರುವುದಿಲ್ಲ. ಇದು ಸುಖವಲ್ಲವಾದರೆ ಯಾವುದು ಸುಖವೋ ನಾವು ಕಾಣೆವು.

ಅಮೆರಿಕದ ವಿದ್ವಾಂಸರೂ ಇದನ್ನು ಸುತ್ತಿ ಬಳಸಿ ಹೇಳಿದ್ದಾರೆ. ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್, ಇಬ್ಬರೂ ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದವರು, ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನದಿನದ ನೆಮ್ಮದಿ ಹೆಚ್ಚುವುದಿಲ್ಲ ಎಂದು 2010ರಲ್ಲಿ ಬರೆದರು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬವರು ಹಾಗೇನಿಲ್ಲ, ಅದರಾಚೆಗೂ ಏರುತ್ತಲೇ ಹೋಗುತ್ತದೆ ಎಂದರು. ನಮ್ಮ ಕಡೆಯಾಗಿದ್ದರೆ ಇಬ್ಬರೂ ಮಾತು ಬಿಡುತ್ತಿದ್ದರು. ಕಾನೆಮನ್ ಮಾತ್ರ ತಮ್ಮನ್ನು ಅಲ್ಲಗಳೆದವನನ್ನೇ ಪಕ್ಕಕ್ಕೆ ಕೂರಿಸಿಕೊಂಡು, ಬಾರ್ಬರಾ ಮೆಲರ್ಸ್ ಅವರನ್ನು ನಡುವೆ ಮಧ್ಯಸ್ಥಿಕೆಗೆ ಇಟ್ಟುಕೊಂಡು, 2023ರಲ್ಲಿ ಒಟ್ಟಿಗೆ ಲೆಕ್ಕ ಮಾಡಿದರು. ಹೆಚ್ಚಿನವರಿಗೆ ಆದಾಯದ ಜತೆ ಸುಖವೂ ಏರುತ್ತದೆ. ಆದರೆ ತೀರಾ ದುಃಖದಲ್ಲಿರುವ ಒಂದು ಗುಂಪಿದೆ; ಅವರ ದುಃಖವನ್ನು ದುಡ್ಡು ಒಂದು ಮಟ್ಟದವರೆಗೆ ಇಳಿಸಿ ಅಲ್ಲಿ ನಿಂತುಬಿಡುತ್ತದೆ. ಉಳಿದದ್ದು ಸಾವು, ಮುರಿದ ಮನಸ್ಸು, ಒಂಟಿತನ, ಇಂಥವು. ಅದಕ್ಕೆ ಬಡ್ಡಿ ಅಸಲು ಎಂಬುದಿಲ್ಲ, ಕಟ್ಟಿ ಮುಗಿಸಲು ಬರುವುದಿಲ್ಲ.

ಗಮನಿಸಿ: ಇವರೆಲ್ಲ ಅಳೆದದ್ದು ವರ್ಷವರ್ಷ ಬರುವ ಆದಾಯವನ್ನು. ನಿಮ್ಮ ಕೈಯಲ್ಲಿರುವುದು ಒಮ್ಮೆ ಮಾತ್ರ ಬರುವಂಥದ್ದು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂದು ಅಜ್ಜಿ ಹೇಳಿದ್ದು ಈ ಮಾದರಿಯ ಬಗ್ಗೆ.

ವಾಹನ

ಈ ಅಧ್ಯಾಯದ ಮಾತನ್ನು ನೀವು ಕೇಳುವುದಿಲ್ಲವಾದ್ದರಿಂದ ಬೇಗ ಮುಗಿಸುತ್ತೇವೆ. ಬಣ್ಣ ಬಿಳಿ. ಗಾಜಿನ ಮೇಲೆ ಮನೆದೇವರ ಹೆಸರು. ಬುಕ್ ಮಾಡುವ ಮುಂಚೆ ಬೀದಿಯ ಅಗಲ ಅಳೆದುಕೊಳ್ಳಿ; ಎತ್ತಿನ ಗಾಡಿಗೆ ಬಿಟ್ಟ ಬೀದಿಯಲ್ಲಿ ಫಾರ್ಚೂನರ್ ಹಿಂದಕ್ಕೆ ತೆಗೆಯಲು ಅರ್ಧ ಊರು ಬಂದು "ಬರ್ಲಿ ಬರ್ಲಿ, ರೈಟಿಗೆ" ಅನ್ನಬೇಕಾಗುತ್ತದೆ. ಆ ಹೊತ್ತಿನ ಸಂತೋಷ ಅಪ್ಪಟವಾದದ್ದು, ಅದನ್ನು ಹೀಗಳೆಯುವವರು ಬಸ್ ಸ್ಟ್ಯಾಂಡಿನಲ್ಲಿ ಎಂದೂ ಕಾದವರಲ್ಲ. ಅದೇ ಬೀದಿಗೆ ಎರಡನೇ ಫಾರ್ಚೂನರ್ ಬರುವವರೆಗೆ ಅದು ಬಾಳುತ್ತದೆ. ದೇಶದ ಆದಾಯ ವರ್ಷಗಟ್ಟಲೆ ಏರಿದರೂ ಜನರ ಸುಖ ಆ ಲೆಕ್ಕದಲ್ಲಿ ಏರದಿರುವುದನ್ನು ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ಎತ್ತಿ ತೋರಿಸಿದರು. ಪಕ್ಕದವನ ಅಂಗಳದಲ್ಲಿ ಏನು ನಿಂತಿದೆ ಎಂದು ನೋಡಿಕೊಂಡೇ ಜನ ತಮ್ಮ ಸುಖ ಅಳೆಯುತ್ತಾರೆ ಎಂಬುದು ಅವರು ಕೊಟ್ಟ ಕಾರಣ. ಆ ವಾದದ ಮೇಲೆ ಈಗಲೂ ಜಗಳವಿದೆ. ನಮ್ಮ ಬೀದಿಯ ಮಟ್ಟಿಗೆ ಇಲ್ಲ.

ಇಡುವ ಜಾಗ

ತೇವವಿಲ್ಲದ, ಬಿಸಿಲು ಬೀಳದ, ಬಾಮೈದನಿಗೆ ಗೊತ್ತಿಲ್ಲದ ಜಾಗದಲ್ಲಿ ಇಡಿ.

ಬ್ಯಾಂಕಾದರೆ ಒಂದೇ ಬ್ಯಾಂಕು ಬೇಡ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದಾಗ, ನಿವೃತ್ತಿಯ ಗಂಟನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಬಾಗಿಲ ಮುಂದೆ ಸಾಲು ನಿಂತರು. ಆವರೆಗೆ ಠೇವಣಿಗೆ ಇದ್ದ ವಿಮೆ 1 ಲಕ್ಷ. ಮುಂದಿನ ತಿಂಗಳು ಅದನ್ನು 5 ಲಕ್ಷಕ್ಕೆ ಏರಿಸಿದರು. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಒಟ್ಟು ಐದು, ಎಷ್ಟು ಬ್ರಾಂಚಿನಲ್ಲಿ ಹಂಚಿಟ್ಟರೂ ಅಷ್ಟೇ. ಮ್ಯಾನೇಜರ್ ಕೊಟ್ಟ ಕಾಫಿ ಈ ವಿಮೆಯಲ್ಲಿ ಸೇರಿಲ್ಲ.

ತಿಂಗಳಿಗೆ ನೂರಕ್ಕೆ ಮೂರು ಕೊಡುತ್ತೇವೆ ಎಂದು ಸೂಟು ಹಾಕಿಕೊಂಡವರು ಮನೆಗೆ ಬರುತ್ತಾರೆ. ಇದು ನೀವು ಹಿಂದೆ ಕೈಸಾಲಕ್ಕೆ ಕಟ್ಟುತ್ತಿದ್ದ ಅದೇ ದರ. ಎರಡು ಸೀಮೆ ಹಸು, ಮೂರು ಎಕರೆ, ನಾಲ್ಕು ಜನರ ದುಡಿಮೆ ಇಟ್ಟುಕೊಂಡು ನೀವೇ ಅದನ್ನು ಕಟ್ಟಲಾಗದೆ ಒದ್ದಾಡಿದಿರಿ. ಇವರು ಯಾವ ಹಸು ಕರೆದು ಕಟ್ಟುತ್ತಾರೆ ಎಂದು ಕೇಳಿ. ಉತ್ತರದಲ್ಲಿ "ದುಬೈ" ಎಂಬ ಮಾತು ಬಂದರೆ ಕಾಫಿ ಕೊಟ್ಟು ಕಳಿಸಿ.

ದೋಷ ಪತ್ತೆ

ಲಕ್ಷಣ: ದುಡ್ಡಿದೆ, ಮನೆ ಮೇಲೆ ಮನೆ ಕಟ್ಟಿಸಿ ಬಾಡಿಗೆ ಬರುತ್ತಿದೆ, ಆದರೂ ಬೆಳಗಿನ ಇಡ್ಲಿ ಸಪ್ಪೆ. ಉಪ್ಪು ನೋಡಿ. ಉಪ್ಪು ಸರಿಯಿದ್ದರೆ ಇದನ್ನು ಓದಿ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಜತೆಗಾರರು ಇಲಿನಾಯ್ ರಾಜ್ಯದ ಲಾಟರಿ ಗೆದ್ದ 22 ಮಂದಿಯನ್ನು ಮಾತಾಡಿಸಿದರು. ಗೆಲ್ಲದ ಸಾಮಾನ್ಯರಿಗಿಂತ ಅವರು ಹೇಳಿಕೊಳ್ಳುವಷ್ಟು ಸುಖವಾಗಿರಲಿಲ್ಲ. ತಿಂಡಿ ತಿನ್ನುವುದು, ಗೆಳೆಯರ ಜತೆ ಹರಟುವುದು, ಒಂದು ಜೋಕು ಕೇಳುವುದು, ಪತ್ರಿಕೆ ಓದುವುದು, ಇಂಥ ದಿನನಿತ್ಯದ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಖುಷಿ ಉಳಿದವರಿಗಿಂತ ಕಡಿಮೆಯೇ ಇತ್ತು. 22 ಬಹಳ ಸಣ್ಣ ಸಂಖ್ಯೆ, ಅದರ ಮೇಲೆ ಸಿದ್ಧಾಂತ ಕಟ್ಟಬಾರದು. ಆದರೂ ಈ ಸಾಲನ್ನು ಓದುತ್ತ ನಿಮಗೆ ಕೊಂಚವಾದರೂ ಖುಷಿಯಾಗಿದ್ದರೆ, ಯಂತ್ರ ಪೂರ್ತಿ ಕೆಟ್ಟಿಲ್ಲ.

ಲಕ್ಷಣ: ಏನು ಕೊಂಡರೂ ರುಚಿಸುತ್ತಿಲ್ಲ. ಬೇರೆಯವರಿಗೆ ಕೊಡಿಸಿ ನೋಡಿ. 2008ರಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಕೆಲವರಿಗೆ ಐದೋ ಇಪ್ಪತ್ತೋ ಡಾಲರ್ ಕೊಟ್ಟು, ಸಂಜೆಯೊಳಗೆ ಖರ್ಚು ಮಾಡಲು ಹೇಳಿದರು. ಇನ್ನೊಬ್ಬರಿಗಾಗಿ ಖರ್ಚು ಮಾಡಿದವರು ಹೆಚ್ಚು ಸಂತೋಷದಿಂದಿದ್ದರು, ಮೊತ್ತ ಐದಾದರೂ ಇಪ್ಪತ್ತಾದರೂ. ಒಂದು ಎಚ್ಚರಿಕೆ: ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟರೆ ದಾನಿಗಳ ಹೆಸರಿನ ಗ್ರಾನೈಟ್ ಕಲ್ಲು ನೋಡಲು ಹೋಗಬೇಡಿ. ನಿಮ್ಮ ಹೆಸರು ಮೂರನೇ ಸಾಲಿನಲ್ಲಿ ಇರುತ್ತದೆ, ಕಾಗುಣಿತ ತಪ್ಪಿರುತ್ತದೆ.

ಲಕ್ಷಣ: ಗಂಡಸು ಹಗಲು ಹನ್ನೊಂದಕ್ಕೆ ಕಾರಿನಲ್ಲಿ ಕೂತು ಎಸಿ ಹಾಕಿಕೊಂಡು ಎಲ್ಲಿಗೂ ಹೋಗದೆ ಇದ್ದಾನೆ. ಇದು ಉತ್ಪನ್ನದ ದೋಷವಲ್ಲ, ಕಾಣೆಯಾದ ಬಿಡಿಭಾಗದ್ದು. ಅದಕ್ಕೆ ಮುಂದಿನ ಭಾಗ.

ಕಾಣೆಯಾದ ಬಿಡಿಭಾಗ

ಹೊಲ ಹೋದರೆ ಮೇವು ಹೋಗುತ್ತದೆ. ಮೇವು ಹೋದರೆ ಹಸು. ರಾಗಿ ಹುಲ್ಲು, ಜೋಳದ ಕಡ್ಡಿ ಎಲ್ಲವನ್ನೂ ಕೊಂಡು ಹಾಕಿ ಸಾಕಿದರೆ ಗಿಟ್ಟುವುದಿಲ್ಲ. ಹಸು ಹೋದರೆ ಬೆಳಗ್ಗೆ ಸಂಜೆ ಡೈರಿಗೆ ಹೋಗುವ ಕೆಲಸ ತಪ್ಪುತ್ತದೆ. ಒಂದು ದಿನದಲ್ಲಿ ಎರಡು ಸಲ ಊರಿನವರೆಲ್ಲ ಒಂದೇ ಕಡೆ ಸೇರುತ್ತಿದ್ದ ಜಾಗ ಅದು. ಕ್ಯಾನು ಹಿಡಿದು ಸಾಲು ನಿಂತರೆ ಮುಂದಿನವಳ ಸೊಸೆಗೆ ಎಷ್ಟು ತಿಂಗಳು, ಹಿಂದಿನವನ ಬೋರಿನಲ್ಲಿ ಎಷ್ಟು ನೀರು, ಎಲ್ಲ ಗೊತ್ತಾಗುತ್ತಿತ್ತು. ಸೆಕ್ರೆಟರಿ ಹಾಲಿನಲ್ಲಿ ಒಂದಿಷ್ಟು ತೆಗೆದು ಮೆಷಿನ್ನಿಗೆ ಇಡುತ್ತಾನೆ, ಫ್ಯಾಟು ಎಷ್ಟು ಎಂದು ಅಂಕಿ ಬರುತ್ತದೆ. ಕಡಿಮೆ ಬಂದರೆ ಜಗಳ. "ನಿನ್ ಮೆಷಿನ್ನೇ ಸರಿ ಇಲ್ಲ ಕಣಪ್ಪ, ನಮ್ ಹಸ ಏನ್ ನೀರು ಕರೀತದಾ?" ಹಿಂದಿನವರು ನಗುತ್ತಾರೆ. ಚೀಟಿ ಹರಿದು ಕೊಡುತ್ತಾನೆ, ಅದನ್ನು ಕ್ಯಾನಿನ ಮುಚ್ಚಳಕ್ಕೆ ಸಿಕ್ಕಿಸಿಕೊಂಡು ಮನೆಗೆ.

ಬಟವಾಡೆಯ ದಿನ ಬರುತ್ತಿದ್ದುದು ಸಾವಿರದ ಲೆಕ್ಕದ ದುಡ್ಡು, ಅದಕ್ಕೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಬೇರೆ. ಬೂಸಕ್ಕೆ ಹೋಗಿ ಉಳಿದದ್ದು ಹೆಚ್ಚಾಗಿ ಮನೆಯ ಹೆಂಗಸಿನ ಕೈಯಲ್ಲಿರುತ್ತಿತ್ತು. ಯಾವ ಮಗುವಿಗೆ ಚಪ್ಪಲಿ, ಯಾವ ಚೀಟಿಗೆ ಕಂತು, ಅವಳೇ ತೀರ್ಮಾನಿಸುತ್ತಿದ್ದಳು. ಈಗ ಬಂದ ಕೋಟಿ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಬಂದಿದೆ. ಚಪ್ಪಲಿಗೆ ಅವಳು ಗಂಡನನ್ನು ಕೇಳಬೇಕು. ಮನೆಗೆ ದುಡ್ಡು ನೂರು ಪಟ್ಟು ಬಂತು, ಅವಳ ಕೈಗೆ ಮೊದಲಿದ್ದಷ್ಟೂ ಇಲ್ಲ. ಈ ಲೆಕ್ಕವನ್ನು ಯಾವ ವಿದ್ವಾಂಸರೂ ಡಾಲರಿನಲ್ಲಿ ಕೂಡಿ ಕಳೆದು ನೋಡಿದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಬಿಡಿಭಾಗ ಅಂಗಡಿಯಲ್ಲಿ ಸಿಗದು. ಕೆಲವರು ಇನ್ನೂ ಒಳಗಡೆ ಎಲ್ಲೋ ಚಿಂತಾಮಣಿ, ಗೌರಿಬಿದನೂರು ಕಡೆ ಜಮೀನು ಕೊಂಡು ಹೊಸದಾಗಿ ಶುರು ಮಾಡಿದ್ದಾರೆ. ಕೆಲವರು ಬಾಡಿಗೆ ಮನೆಗಳ ಮುಂದೆಯೇ ಒಂದು ಹಸು ಕಟ್ಟಿಕೊಂಡಿದ್ದಾರೆ. ಮೇಲಿನ ಮಹಡಿಯ ಪೀಜಿ ಹುಡುಗರು ಸಗಣಿ ವಾಸನೆ ಎಂದು ದೂರುತ್ತಾರೆ, ಅದೇ ಹಾಲಿನ ಕಾಫಿ ಚೆನ್ನಾಗಿದೆ ಎಂದೂ ಹೇಳುತ್ತಾರೆ. ನಷ್ಟದ ಬಾಬ್ತು, ಆದರೂ ಹೊತ್ತಿಗೆ ಸರಿಯಾಗಿ ಏಳುತ್ತಾರೆ. ಹೆಂಡತಿಯ ಹೆಸರಿನಲ್ಲಿ ಒಂದು ಖಾತೆ ತೆರೆದು ತಿಂಗಳ ಬಾಡಿಗೆ ನೇರ ಅದಕ್ಕೇ ಹೋಗುವ ಹಾಗೆ ಮಾಡುವುದು ಇನ್ನೂ ಸುಲಭ. ಅರ್ಧ ಗಂಟೆಯ ಕೆಲಸ, ಆಧಾರ್ ಮತ್ತು ಎರಡು ಫೋಟೋ ಸಾಕು. ಇದನ್ನು ಮಾಡಿದವರ ಸಂಖ್ಯೆ ಫಾರ್ಚೂನರ್ ಕೊಂಡವರಿಗಿಂತ ಕಡಿಮೆ ಎಂಬುದು ನಮ್ಮ ಅಂದಾಜು.

ವಾರಂಟಿ ಮತ್ತು ವಾಪಸಾತಿ

ವಾರಂಟಿ ಇಲ್ಲ. ಒಮ್ಮೆ ಕೊಟ್ಟ ಜಮೀನನ್ನು ದುಡ್ಡು ಹಿಂತಿರುಗಿಸಿ ಬಿಡಿಸಿಕೊಳ್ಳಲು ಬರುವುದಿಲ್ಲ. ಪೆಟ್ಟಿಗೆಯನ್ನು ಬಿಚ್ಚದೆ ಬಾಗಿಲಲ್ಲೇ ವಾಪಸ್ ಕಳಿಸಿದ ಗಿರಾಕಿಗಳು ಮಾತ್ರ ಇದ್ದಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ ಏರೋಸ್ಪೇಸ್ ಪಾರ್ಕಿಗೆಂದು 1,777 ಎಕರೆ ಕೇಳಿದಾಗ, ದ್ರಾಕ್ಷಿ, ಹಿಪ್ಪುನೇರಳೆ, ರಾಗಿ, ತರಕಾರಿ ಬೆಳೆಯುವ ಜನ ಕೊಡುವುದಿಲ್ಲ ಎಂದು ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಘೋಷಿಸಿದರು. ಹಣ ಬೇಡ ಎಂದ ಇಷ್ಟು ಜನರನ್ನು ಮಾರಾಟ ವಿಭಾಗ ಇನ್ನೂ ಅರ್ಥ ಮಾಡಿಕೊಳ್ಳುತ್ತಿದೆ. ಅವರಿಗೇನು ಸಾಲವಿಲ್ಲವೇ, ಇದೆ. ಗಿರವಿ ಇಟ್ಟ ಒಡವೆಯೂ ಇದ್ದೀತು.

ಅದೇ ದಿನ ಮುಖ್ಯಮಂತ್ರಿಗಳು ಇನ್ನೊಂದು ಮಾತೂ ಹೇಳಿದರು: ತಾವಾಗಿ ಒಪ್ಪಿ ಕೊಡುವವರಿದ್ದರೆ ಸರ್ಕಾರ ಕೊಳ್ಳುತ್ತದೆ, ಹೆಚ್ಚಿನ ಬೆಲೆಯನ್ನೂ ಕೊಡುತ್ತದೆ. ಒಪ್ಪಿ ಕೊಡುತ್ತೇವೆ ಎನ್ನುವವರೂ ಆ ಊರುಗಳಲ್ಲೇ ಇದ್ದಾರೆ. ಹಾಗಾಗಿ ಈ ಕೈಪಿಡಿಯ ಮುಂದಿನ ಮುದ್ರಣಕ್ಕೆ ಆರ್ಡರು ಬಂದಾಗಿದೆ. ಅಕ್ಕನ ಅಧ್ಯಾಯವನ್ನು ಸ್ವಲ್ಪ ಮೊಟಕು ಮಾಡಿ ಎಂದು ಗಂಡಸರ ಕಡೆಯಿಂದ ಕೋರಿಕೆ ಬಂದಿದೆ, ಪರಿಶೀಲನೆಯಲ್ಲಿದೆ.